ಹೂವಿನ ನಕ್ಷೆಯಲ್ಲಿ ಒಂದು ಹೊಂಗೆಮರ

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂರುವ ಹುಡುಗಿ ಹೋದ ತಿಂಗಳು ಆರ್.ಟಿ. ನಗರದ ನಮ್ಮ ಮನೆಗೆ ಬಂದಿದ್ದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಕಾಫಿ ಕುಡಿಯುತ್ತಾ, "ಮೇಡಂ, ಏನ್ ಕೆಲ್ಸ ಮಾಡ್ತೀಯ ಅಂತ ನೆಂಟ್ರು ಕೇಳಿದ್ರೆ ಹೇಳೋಕೇ ಬರಲ್ಲ. ಗಿಡ ಯಾವಾಗ ಚಿಗುರುತ್ತೆ ಅಂತ ಕಂಪ್ಯೂಟರಲ್ಲಿ ನೋಡ್ತೀನಿ ಅಂದ್ರೆ ನಗ್ತಾರೆ" ಎಂದಳು. ನನಗೂ ನೌಕರಿಯ ಉದ್ದಕ್ಕೂ ಇದೇ ಪಾಡಾಗಿತ್ತು. ನನ್ನ ಅತ್ತೆಯವರು ಕೊನೆಯವರೆಗೂ ನಾನು ಹವಾಮಾನ ಇಲಾಖೆಯಲ್ಲಿದ್ದೇನೆ ಎಂದೇ ಎಲ್ಲರಿಗೂ ಹೇಳುತ್ತಿದ್ದರು. ಮಳೆ ಬಾರದಿದ್ದರೆ ನನ್ನನ್ನೇ ಕೇಳುತ್ತಿದ್ದರು.

"ನೀವಾದ್ರೂ ಒಂದ್ಸಲ ಬರೀರಿ ಮೇಡಂ, ನಿಜವಾಗ್ಲೂ ಹೇಗಿರುತ್ತೆ ಅಂತ" ಎಂದು ಹೇಳಿ ಆ ಹುಡುಗಿ ಹೋದಳು. ಅವಳಿಗಾಗಿ, ಅವಳ ಹಾಗೆ ಹೊಸದಾಗಿ ಸೇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅವು ನನಗೇ ಸರಿಯಾಗಿ ನೆನಪಿಲ್ಲ. ಮನುಷ್ಯರು ನೆನಪಿದ್ದಾರೆ, ಕೆಲವು ಮರಗಳು ನೆನಪಿವೆ.

ನಮ್ಮ ವಿಭಾಗದ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಮಾವು ಯಾವ ಊರಲ್ಲಿ ಯಾವ ವಾರ ಹೂ ಬಿಟ್ಟಿತು, ದ್ರಾಕ್ಷಿ ಬಳ್ಳಿ ಯಾವಾಗ ಕಣ್ಣೊಡೆಯಿತು, ರಾಗಿ ಯಾವಾಗ ತೆನೆ ಕಟ್ಟಿತು, ರಸ್ತೆ ಬದಿಯ ಹೊಂಗೆ ಯಾವಾಗ ಎಲೆ ಉದುರಿಸಿ ಮತ್ತೆ ಚಿಗುರಿತು, ಇವನ್ನೆಲ್ಲ ನಕ್ಷೆಯ ಮೇಲೆ ಗುರುತಿಸುವುದು. ಜೇನು ಸಾಕುವವರಿಗೆ ಪೆಟ್ಟಿಗೆಗಳನ್ನು ಎಲ್ಲಿಗೆ ಒಯ್ಯಬೇಕು ಎಂದು ಗೊತ್ತಾಗಬೇಕು. ತೋಟದವರಿಗೆ ಔಷಧಿ ಹೊಡೆಯುವ ಹೊತ್ತು ಗೊತ್ತಾಗಬೇಕು. ಹೂವಿನ ಕಾಲ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಸರಿಯುತ್ತಿದೆಯೇ ಎಂದು ವಿಜ್ಞಾನಿಗಳಿಗೆ ಗೊತ್ತಾಗಬೇಕು. ಅದಕ್ಕೆಲ್ಲ ನಮ್ಮ ನಕ್ಷೆ.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಹೆಬ್ಬಾಳದ ಕಡೆ ಇದ್ದ ನಮ್ಮ ಕಚೇರಿಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಟ್ರೇಸಿಂಗ್ ಹಾಳೆ, ಬಣ್ಣದ ಪೆನ್ಸಿಲುಗಳು. ಮೇಜಿನ ತುದಿಯಲ್ಲಿ ಶಂಕರಪ್ಪ ಸರ್. ಸಸ್ಯಶಾಸ್ತ್ರ ಓದಿದ್ದ ನನಗೆ ಎಲ್ಲ ಗೊತ್ತಿದೆ ಎಂಬ ಜಂಭ ಸ್ವಲ್ಪ ಇತ್ತು. ಮೊದಲನೆಯ ವಾರವೇ ಅವರು ನನ್ನನ್ನು ಜೀಪಿನಲ್ಲಿ ಮಾಕಳಿ ಕಡೆಯ ಒಂದು ಮಾವಿನ ತೋಪಿಗೆ ಕರೆದುಕೊಂಡು ಹೋದರು. ದೂರದಿಂದಲೇ ತೋಪು ಹಳದಿಯಾಗಿ ಕಾಣುತ್ತಿತ್ತು. ನಾನು ಜೀಪಿನಿಂದ ಇಳಿಯದೆ, "ಪೂರ್ತಿ ಹೂವು ಸರ್" ಎಂದೆ.

"ನೋಡಿದ್ಯಾ, ಅಂದ್ಕೊಂಡ್ಯಾ?" ಎಂದು ಕೇಳಿದರು.

ಇಳಿದು ಹತ್ತಿರ ಹೋದೆವು. ಬಿಸಿಲು ಬೀಳುವ ಕಡೆ ಹೂಗೊಂಚಲು ಅರಳಿತ್ತು. ಮರದ ಇನ್ನೊಂದು ಮಗ್ಗುಲಲ್ಲಿ ಇನ್ನೂ ಮೊಗ್ಗು. ಒಳಗಿನ ರೆಂಬೆಗಳಲ್ಲಿ ಅದೂ ಇರಲಿಲ್ಲ. ಒಂದೇ ಮರದಲ್ಲಿ ಮೂರು ಹಂತ. ಶಂಕರಪ್ಪ ಸರ್ ಒಂದು ಕೊಂಬೆಯನ್ನು ಬಗ್ಗಿಸಿ ನನ್ನ ಕೈಗೆ ಕೊಟ್ಟು, "ಕಂಡಿದ್ದನ್ನ ಗುರುತು ಮಾಡು. ಯಾಕೆ ಹಾಗಾಯ್ತು ಅಂತ ಆಮೇಲೆ ಯೋಚ್ನೆ ಮಾಡೋಣ. ಎರಡನ್ನೂ ಒಟ್ಟಿಗೆ ಮಾಡಿದ್ರೆ ಎರಡೂ ಕೆಡುತ್ತೆ" ಎಂದರು. ಗದರಿಸಿ ಹೇಳಲಿಲ್ಲ. ಕೊಂಬೆಯನ್ನು ಬಿಡುವಾಗಲೂ ಹೂವು ಉದುರದ ಹಾಗೆ ಮೆಲ್ಲಗೆ ಬಿಟ್ಟರು. ಅವರು ಮಾತಾಡುವುದೇ ಕಡಿಮೆ. ಮಧ್ಯಾಹ್ನ ಜೀಪಿನ ಬಾನೆಟ್ಟಿನ ಮೇಲೆ ಬುತ್ತಿ ಬಿಚ್ಚಿ, ಚಟ್ನಿಯನ್ನು ಮೊದಲು ಚಾಲಕನಿಗೆ, ಆಮೇಲೆ ನನಗೆ ಬಡಿಸಿ ಕೊನೆಗೆ ತಾವು ಹಾಕಿಕೊಳ್ಳುವವರು.

ಕಂಪ್ಯೂಟರ್ ಬಂದಾಗ ಅದರ ಜತೆ ಫಿರೋಜ್ ಬಂದ. ಆಗಿನ್ನೂ ಕಾಲೇಜು ಹುಡುಗನ ಹಾಗಿದ್ದ. ಜಿಐಎಸ್ ಎಂದರೇನು ಎಂದು ನಮಗೆಲ್ಲ ಹೇಳಿಕೊಟ್ಟವನು ಅವನೇ. "ಅಕ್ಕಾ, ನೀವು ಒಂದು ಟ್ರೇಸಿಂಗ್ ಹಾಳೆ ಮೇಲೆ ಇನ್ನೊಂದು ಹಾಳೆ ಇಟ್ಟು ಬೆಳಕಿಗೆ ಹಿಡೀತೀರಲ್ಲ, ಅಷ್ಟೇ ಇದು. ಹಾಳೆ ಹರಿಯಲ್ಲ, ಅದೊಂದೇ ವ್ಯತ್ಯಾಸ" ಎಂದಿದ್ದ. ರಸ್ತೆಯದು ಒಂದು ಪದರ, ಕೆರೆಯದು ಒಂದು, ಮರಗಳದು ಒಂದು. ಬೇಕಾದ್ದನ್ನು ಮೇಲೆ ಹಾಕಬಹುದು, ಬೇಡದ್ದನ್ನು ತೆಗೆಯಬಹುದು. ಆಮೇಲೆ ಉಪಗ್ರಹದ ಚಿತ್ರಗಳೂ ಬರತೊಡಗಿದವು. ಹಸಿರು ಎಲ್ಲಿ ಏರುತ್ತಿದೆ, ಎಲ್ಲಿ ಇಳಿಯುತ್ತಿದೆ ಎಂಬುದನ್ನು ಜಿಲ್ಲೆಗಟ್ಟಲೆ ಒಂದೇ ಪರದೆಯಲ್ಲಿ ನೋಡುವಂತಾಯಿತು.

ಆ ಹೊಸತರಲ್ಲಿ ನಮ್ಮೆಲ್ಲರ ಕೈಯಿಂದ ಆದ ಒಂದು ಎಡವಟ್ಟನ್ನು ಹೇಳಲೇಬೇಕು. ಯಲಹಂಕದ ಆಚೆ ಒಂದು ಜಾಗದಲ್ಲಿ ಬೇಸಿಗೆಯಲ್ಲಿ ಹಸಿರು ಏರಿದ್ದೇ ಏರಿದ್ದು. ಸುತ್ತಲೂ ಒಣಗಿದ ನೆಲ, ನಡುವೆ ಅಷ್ಟು ಸೊಂಪಾದ ಬೆಳೆ. ಯಾರೋ ಜಾಣ ರೈತರು ಹೊಸ ಹುಲ್ಲಿನ ತಳಿ ಹಾಕಿದ್ದಾರೆ ಎಂದು ಸಭೆಯಲ್ಲಿ ಚರ್ಚೆಯೂ ಆಯಿತು. ಶಂಕರಪ್ಪ ಸರ್ ಎಲ್ಲ ಕೇಳಿಸಿಕೊಂಡು, ಮಧ್ಯಾಹ್ನ ಯಾರಿಗೂ ಹೇಳದೆ ಹೋಗಿ ನೋಡಿಕೊಂಡು ಬಂದರು. ಬಾಗಿಲಲ್ಲೇ ಚಪ್ಪಲಿಯ ಕೆಸರು ಕೊಡವುತ್ತಾ, "ಬೆಳೆ ಚೆನ್ನಾಗೈತೆ. ಕೊಯ್ಯೋಕೆ ದೋಣಿ ತಗೊಂಡ್ ಹೋಗ್ಬೇಕು" ಎಂದರು. ಅದು ಕೆರೆ. ನೀರೇ ಕಾಣದಂತೆ ಅಂತರಗಂಗೆ ಹಬ್ಬಿತ್ತು. ಫಿರೋಜ್ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಸರ್ ಅವನಿಗೂ ಸೇರಿಸಿ ಬುತ್ತಿ ತಂದರು. ಇಬ್ಬರೂ ಬೇವಿನ ಮರದ ಕೆಳಗೆ ಕೂತು ತಿಂದರು. ಅಂದಿನಿಂದ ಸರ್ ಜೀಪು ಹತ್ತಿದಾಗಲೆಲ್ಲ ಫಿರೋಜ್ ತಾನೂ ಹತ್ತುತ್ತಿದ್ದ.

ಸರ್ ನಿವೃತ್ತರಾದ ಮೇಲೆ ಒಂದು ದಿನ ಕಚೇರಿಗೆ ಬಂದಿದ್ದರು. ಅಷ್ಟರಲ್ಲಿ ಫಿರೋಜ್ ಅವರ ಬಣ್ಣದ ಪೆನ್ಸಿಲಿನ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದ. ಅವರನ್ನು ಕೂರಿಸಿ, ಅವರು ಕೈಯಾರೆ ಇಟ್ಟ ಚುಕ್ಕೆಗಳನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಹಾಕಿ ತೋರಿಸಿದ. ಬಹಳಷ್ಟು ಚುಕ್ಕೆಗಳು ತಾರಸಿಗಳ ಮೇಲೆ, ರಸ್ತೆಗಳ ಮೇಲೆ ಬಿದ್ದಿದ್ದವು. ಸರ್ ಬೆರಳಿಟ್ಟು ಒಂದೊಂದನ್ನೇ ತೋರಿಸುತ್ತಾ, "ಇದು ಬಾದಾಮಿ ಮಾವು. ಇದು ಹುಣಸೆ. ಇಲ್ಲೊಂದು ಬಾವಿ ಇತ್ತು, ಬಾವಿ ಪಕ್ಕದ್ ಮನೆ ಹೆಣ್ಣುಮಗಳು ನಮ್ಗೆ ಮಜ್ಜಿಗೆ ಕೊಡೋಳು" ಎಂದು ಹೇಳುತ್ತಾ ಹೋದರು. ಹೊರಡುವಾಗ ಫಿರೋಜ್‌ನ ತಲೆ ಸವರಿ, "ಚೆನ್ನಾಗ್ ಎತ್ತಿಟ್ಟಿದ್ದೀಯ" ಎಂದರು. ಅದಾಗಿ ಕೆಲವೇ ತಿಂಗಳಿಗೆ ಅವರು ತೀರಿಕೊಂಡರು. ಫಿರೋಜ್ ಅವತ್ತು ನನ್ನ ಎದುರು ಅತ್ತಷ್ಟು ಮತ್ತೆಂದೂ ಅತ್ತಿದ್ದನ್ನು ನಾನು ನೋಡಿಲ್ಲ.

ಈಗ ಅಮೃತಹಳ್ಳಿಯ ಸಂಗತಿಗೆ ಬರುತ್ತೇನೆ. ನನ್ನ ನೌಕರಿಯ ಕೊನೆಯ ಕೆಲವು ವರ್ಷಗಳಲ್ಲಿ ನಡೆದದ್ದು. ಆಗ ನಾವು ನಗರದ ಬೀದಿ ಮರಗಳ ಹೂವಿನ ನಕ್ಷೆಯನ್ನು ಜಾಲತಾಣದಲ್ಲಿ ಹಾಕತೊಡಗಿದ್ದೆವು. ಯಾರು ಬೇಕಾದರೂ ತಮ್ಮ ಬೀದಿಯನ್ನು ದೊಡ್ಡದು ಮಾಡಿ ನೋಡಬಹುದಿತ್ತು. ಕೆಳಗೆ ನಮ್ಮ ಕಚೇರಿಯ ಫೋನ್ ನಂಬರೂ ಇತ್ತು.

ಶಿವರಾತ್ರಿ ಕಳೆದಿತ್ತು. ಬೆಳಗ್ಗೆ ಫೋನ್ ಬಂತು. ಹೆಣ್ಣುಮಗಳ ದನಿ. "ಮೇಡಂ, ನಮ್ ರೋಡಲ್ಲಿ ಹೊಂಗೆ ಯಾವಾಗ ಹೂ ಬಿಡುತ್ತೆ ಅಂತ ನಿಮ್ಮತ್ರ ಗೊತ್ತಾಗುತ್ತಂತೆ, ಹೌದಾ?"

ಯಾವ ರೋಡು ಎಂದು ಕೇಳಿದೆ. ಅಮೃತಹಳ್ಳಿ ಎಂದರು. ನೋಡಿದೆ. ಚಿಗುರು ಆಗಲೇ ಬಂದಿತ್ತು. ಹಿಂದಿನ ವರ್ಷಗಳ ಲೆಕ್ಕದಲ್ಲಿ ಯುಗಾದಿಗೆ ಮುಂಚೆಯೇ ಹೂವು ಶುರುವಾಗಬಹುದು ಎಂದು ಹೇಳಿ, "ಯಾಕಮ್ಮಾ, ಜೇನು ಸಾಕಿದ್ದೀರಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಮಗಳಿಗೆ ವೀಸಿಂಗು. ಉಸಿರಾಡೋಕೆ ಆಗಲ್ಲ ಪಾಪ. ನಮ್ಮನೆ ಮುಂದೆನೇ ದೊಡ್ಡ ಹೊಂಗೆಮರ ಇದೆ. ಹೂವು ಬಿಡೋ ಮುಂಚೆನೇ ಅವ್ಳನ್ನ ಮಾಕಳಿಗೆ ನಮ್ಮಮ್ಮನ ಮನೆಗೆ ಕಳಿಸ್ಬಿಡ್ತೀನಿ. ಪರೀಕ್ಷೆ ಇರುತ್ತಲ್ಲ, ಸರಿಯಾಗಿ ಯಾವ ವಾರ ಅಂತ ಗೊತ್ತಾದ್ರೆ ಸ್ಕೂಲಲ್ಲಿ ಹೇಳ್ಬೋದು."

ಅವರ ಹೆಸರು ಪದ್ಮಾ. ಮಗಳು ಭೂಮಿಕಾ, ಆಗ ಪ್ರಾಥಮಿಕ ಶಾಲೆ. ಪದ್ಮಾ ಪ್ರತಿ ವರ್ಷವೂ ಶಿವರಾತ್ರಿ ಆದ ಮೇಲೆ ಫೋನ್ ಮಾಡತೊಡಗಿದರು. ನಾನೂ ಅವರ ಬೀದಿಯನ್ನು ಪ್ರತ್ಯೇಕವಾಗಿ ಗಮನಿಸಿ ಹೇಳುತ್ತಿದ್ದೆ. ನಮ್ಮ ಕೆಲಸದಿಂದ ಒಂದು ಮಗುವಿಗೆ ಉಪಯೋಗವಾಗುತ್ತಿದೆ ಎಂದು ಒಳಗೊಳಗೇ ಖುಷಿ. ಅವರಿಂದ ಮನೆಯ ಸುದ್ದಿಯೂ ಅಷ್ಟಿಷ್ಟು ತಿಳಿಯಿತು. ಅವರ ಗಂಡನ ಮನೆಯವರು ಅಲ್ಲಿಯ ಹಳೆಯ ಒಕ್ಕಲು ಮನೆತನ. ಹೊಲವೆಲ್ಲ ಸೈಟುಗಳಾಗಿ, ಗಂಡ ಈಗ ಮನೆ ಕಟ್ಟಿಸುವ ಕಂಟ್ರಾಕ್ಟರು. ಮನೆಯಲ್ಲಿ ಅತ್ತೆ ಮುನಿಯಮ್ಮ. ಮೊಮ್ಮಗಳು ಮಾಕಳಿಗೆ ಹೋದರೆ ಅತ್ತೆಯ ಮುಖ ನೋಡಲಾಗುವುದಿಲ್ಲ ಎಂದು ಪದ್ಮಾ ಒಮ್ಮೆ ಹೇಳಿದ್ದರು.

ಒಂದು ವರ್ಷ ನಮ್ಮ ನಿರ್ದೇಶಕಿ ವಸಂತಾ ಮೇಡಂ ನನ್ನನ್ನು ಕರೆಸಿದರು. ಅವರ ಮುಂದೆ ಒಬ್ಬ ಹಿರಿಯರು ಕೂತಿದ್ದರು. ಅಮೃತಹಳ್ಳಿಯ ಆ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು. ಮೇಜಿನ ಮೇಲೆ ನಮ್ಮದೇ ನಕ್ಷೆಯ ಪ್ರಿಂಟು. ಆ ಬೀದಿಯ ಹೊಂಗೆಮರಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. ಬೀದಿಯ ಹೊಂಗೆಮರಗಳನ್ನು ಕಡಿಯಲು ಸಂಘದವರು ಪಾಲಿಕೆಯ ಮರ ಅಧಿಕಾರಿಗೆ ಅರ್ಜಿ ಕೊಟ್ಟಿದ್ದರು. ಹೂವಿನಿಂದ ಮಕ್ಕಳಿಗೆ ಉಸಿರಾಟದ ತೊಂದರೆ ಎಂಬುದು ಕಾರಣ. ನಮ್ಮ ಕಚೇರಿ ಅದಕ್ಕೊಂದು ಸಹಿ ಹಾಕಿ ಕೊಡಬೇಕಂತೆ.

"ಇದು ಹೂವಿನ ನಕ್ಷೆ ಸ್ವಾಮಿ. ಕಾಯಿಲೆ ನಕ್ಷೆ ಅಲ್ಲ" ಎಂದರು ವಸಂತಾ ಮೇಡಂ.

"ಅಲ್ಲ ಮೇಡಂ, ನಾನೇನು ಮರದ ವೈರಿ ಅಲ್ಲ" ಎಂದರು ಅಧ್ಯಕ್ಷರು. ನಿಜವಾಗಿಯೂ ಅವರ ದನಿಯಲ್ಲಿ ಜಗಳವಿರಲಿಲ್ಲ. "ಕಂಟ್ರಾಕ್ಟರ್ ಮಂಜಣ್ಣನ ಮಗಳು ನಮ್ ಕಣ್ಮುಂದೆ ಬೆಳೆದಿರೋ ಮಗು. ಆ ಮಗು ಉಸಿರು ಎಳೆಯೋದು ನೋಡಿದ್ರೆ ನೀವೂ ಇದನ್ನೇ ಮಾಡ್ತಿದ್ರಿ. ಅವ್ರಪ್ಪನೇ ಮೊದ್ಲು ಸಹಿ ಹಾಕಿರೋದು."

ಮಗುವಿನ ಹೆಸರು ಕೇಳಿದೆ. ಭೂಮಿಕಾ ಎಂದರು.

ನನ್ನ ಜಾಗಕ್ಕೆ ಬಂದು ಕೂತರೂ ಕೈಗೆ ಕೆಲಸ ಹತ್ತಲಿಲ್ಲ. ಪರದೆಯ ಮೇಲೆ ಆ ಬೀದಿಯನ್ನು ತೆರೆದುಕೊಂಡು ಸುಮ್ಮನೆ ನೋಡುತ್ತಿದ್ದೆ. ಪ್ರತಿ ವರ್ಷ ಪದ್ಮಾ ಅವರಿಗೆ ಹೂವಿನ ವಾರ ಹೇಳಿದ್ದೆ, ಮಗು ಮಾಕಳಿಗೆ ಹೋಗುತ್ತಿತ್ತು, ಅಲ್ಲಿ ಆರಾಮಾಗಿರುತ್ತಿತ್ತು. ಮಾಕಳಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಲೇ ನಕ್ಷೆಯನ್ನು ತುಮಕೂರು ರಸ್ತೆಯ ಕಡೆ ಎಳೆದೆ. ಮಾಕಳಿಯಲ್ಲೂ ಹೊಂಗೆ. ಒಂದೆರಡಲ್ಲ, ಸಾಲು ಸಾಲು. ಹಿಂದಿನ ವರ್ಷಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಅಲ್ಲಿ ಹೂವು ಅಮೃತಹಳ್ಳಿಗಿಂತ ಹಿಂದೇನೂ ಬಿದ್ದಿರಲಿಲ್ಲ, ಕೆಲವು ವರ್ಷ ಮೊದಲೇ ಬಂದಿತ್ತು. ಅಂದರೆ ಮಗುವನ್ನು ಹೂವಿನಿಂದ ತಪ್ಪಿಸಿ ಹೂವಿಗೇ ಕಳಿಸುತ್ತಿದ್ದರು. ಅಲ್ಲಿ ಅದಕ್ಕೆ ಏನೂ ಆಗುತ್ತಿರಲಿಲ್ಲ.

ಫಿರೋಜ್‌ನನ್ನು ಕರೆದು ತೋರಿಸಿದೆ. ಅವನೂ ಆಗ ನಮ್ಮ ವಿಭಾಗದ ಹಿರಿಯರಲ್ಲೊಬ್ಬ, ಗಡ್ಡ ನೆರೆಯುತ್ತಿತ್ತು. ಬಹಳ ಹೊತ್ತು ನೋಡಿ, "ಅಕ್ಕಾ, ಹೋಗಿ ನೋಡ್ಬೇಕು" ಎಂದ. ನಾನೂ ಅದನ್ನೇ ಯೋಚಿಸುತ್ತಿದ್ದೆ. ವಸಂತಾ ಮೇಡಂ ವಾಹನ ಕೊಟ್ಟರು. "ಆದ್ರೆ ಗಿರಿಜಾ, ನಾವು ಡಾಕ್ಟರಲ್ಲ. ಅದು ನೆನಪಿರಲಿ" ಎಂದರು.

ಮೊದಲು ಮಾಕಳಿಗೆ ಹೋದೆವು. ಪದ್ಮಾ ಅವರ ತಾಯಿಯ ಮನೆಯ ಕಾಂಪೌಂಡಿಗೆ ಒರಗಿಕೊಂಡೇ ಒಂದು ಹೊಂಗೆ. ಹೂವು ಮುಗಿದು ಕಾಯಿ ಜೋತುಬಿದ್ದಿತ್ತು. ಮಗು ಬಂದಾಗ ಎಲ್ಲಿ ಆಡುತ್ತದೆ ಎಂದು ಕೇಳಿದೆ. ಆ ತಾಯಿ ಮರದ ಕೆಳಗಿನ ಕಲ್ಲುಚಪ್ಪಡಿ ತೋರಿಸಿದರು. ಊರಿನ ತುಂಬ ಇರುವ ಮರವನ್ನು ಯಾರೂ ಗಮನಿಸಿರಲಿಲ್ಲ. ಅವರ ಮನಸ್ಸಿನಲ್ಲಿ ತೊಂದರೆ ಕೊಡುವ ಮರ ಒಂದೇ, ಅದು ಅಮೃತಹಳ್ಳಿಯದು.

ಅಲ್ಲಿಂದ ಅಮೃತಹಳ್ಳಿಗೆ ಬಂದೆವು. ಪದ್ಮಾ ಅವರನ್ನು ಮೊದಲ ಸಲ ಕಂಡದ್ದು ಅಂದೇ. ದನಿಯಿಂದ ನಾನು ಕಲ್ಪಿಸಿಕೊಂಡದ್ದಕ್ಕಿಂತ ಚಿಕ್ಕವರು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮನೆ ಮುಂದಿನ ಹೊಂಗೆ ದೊಡ್ಡದು. ಅದರ ಕೆಳಗೆ ಒಂದು ಕಟ್ಟೆ. ಕಟ್ಟೆಯ ಮೇಲೆ ಯಾರಾದರೂ ಕೂರುತ್ತಿದ್ದ ಗುರುತಿರಲಿಲ್ಲ, ತರಗೆಲೆ ತುಂಬಿತ್ತು. ಬಾಗಿಲ ಬಳಿ ಮುನಿಯಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಬಾ ತಾಯಿ, ಊವಿನ್ ನಕ್ಸೆ ಬರೆಯೋಳು ನೀನೇನಾ?" ಎಂದರು. ನಾನು ಮರದ ಕಡೆ ನೋಡುತ್ತಿರುವುದನ್ನು ಕಂಡು, "ನಮ್ ಯಜಮಾನ್ರು ನೆಟ್ಟಿದ್ದು. ಇಲ್ಲೆಲ್ಲ ರಾಗಿ ಕಣ ಇತ್ತು ಆವಾಗ. ಕಣದಾಗೆ ಬೆವ್ರು ಸುರೀತಿತ್ತು, ನೆರಳಿಗೆ ಅಂತ ನೆಟ್ರು" ಎಂದು ಹೇಳಿ ಮತ್ತೆ ಸೊಪ್ಪಿಗೆ ಕೈ ಹಾಕಿದರು.

"ಕಡೀತಾರಂತೆ ಅಲ್ವಾ ಅಮ್ಮ?" ಎಂದು ಕೇಳಿದೆ.

"ಕಡೀಲಿ. ನಾನೇ ಏಳ್ದೆ ನನ್ ಮಗಂಗೆ. ಮರ ಓದ್ರೆ ಇನ್ನೊಂದ್ ನೆಡಬೋದು ಕಣವ್ವ. ಮಗ ಅಂಗೆ ಉಸ್ರು ಎಳ್ಕೊಂಡ್ ಬಿದ್ದಿರೋದ ನಾ ನೋಡಾಕಾಗಕಿಲ್ಲ." ಅವರು ಮರದ ಕಡೆ ತಿರುಗದೆಯೇ ಇದನ್ನು ಹೇಳಿದರು.

ಪದ್ಮಾ ಅವರನ್ನು ಕೂರಿಸಿಕೊಂಡು, ವರ್ಷದಲ್ಲಿ ಯಾವಾಗ ಯಾವಾಗ ಹೆಚ್ಚಾಗುತ್ತದೆ ಎಂದು ಕೇಳಿದೆ. ತಾರೀಖು ನೆನಪಿಲ್ಲ ಎಂದರು. ಹಬ್ಬಗಳ ಮೇಲೆ ಹೇಳಿ ಎಂದೆ. ಆಗ ಒಂದೊಂದಾಗಿ ಬಂತು. ವರಮಹಾಲಕ್ಷ್ಮಿ ಹಬ್ಬದಂದು ಮಗುವನ್ನು ಆಸ್ಪತ್ರೆಗೆ ಸೇರಿಸಿ ಕಳಶ ಹಾಗೇ ಬಿಟ್ಟದ್ದು. ಗಣೇಶನನ್ನು ನೋಡಲು ಬೀದಿ ಕೊನೆಗೆ ಹೋಗಿ ಅರ್ಧದಲ್ಲೇ ಎತ್ತಿಕೊಂಡು ಬಂದದ್ದು. ದಸರಾ ರಜೆಯಲ್ಲಿ ಸುಧಾರಿಸಿದ್ದು.

"ಇವೆಲ್ಲ ಮಳೆಗಾಲ ಅಲ್ವಾ ಪದ್ಮಾ? ಹೊಂಗೆ ಹೂವು ಆಗ ಎಲ್ಲಿರುತ್ತೆ?"

ಅವರು ನನ್ನ ಮುಖವನ್ನೇ ನೋಡಿದರು. "ಶೀತ ಅಂದ್ಕೊಂಡಿದ್ವಿ ಮೇಡಂ. ಮಳೇಲಿ ಎಲ್ಲ ಮಕ್ಳಿಗೂ ಆಗುತ್ತಲ್ಲ. ಆದ್ರೆ ಮೊದಲ್ನೇ ಸಲ ಬಂದಿದ್ದು ಹೊಂಗೆ ಹೂವಲ್ಲೇ. ನಾನೇ ಕಣ್ಣಾರೆ ನೋಡಿದೀನಿ. ಕಟ್ಟೆ ತುಂಬ ಕಡ್ಲೆಪುರಿ ಥರ ಹೂವು ಬಿದ್ದಿತ್ತು. ಅದ್ರಲ್ಲಿ ಆಡ್ತಾ ಇದ್ಲು. ನೋಡ್ತಾ ನೋಡ್ತಾ ತುಟಿ ನೀಲಿ ಆಯ್ತು."

"ಅವತ್ತು ಇಲ್ಲಿ ಬೇರೆ ಏನಾದ್ರೂ ನಡೀತಿತ್ತಾ?" ಎಂದು ಫಿರೋಜ್ ಕೇಳಿದ.

ಪದ್ಮಾ ತಲೆಯಾಡಿಸಿದರು, ನೆನಪಿಲ್ಲ ಎಂದು. ಬಾಗಿಲ ಬಳಿಯಿಂದ ಮುನಿಯಮ್ಮ, "ಪಕ್ಕದ್ ಸೈಟ್ನಾಗೆ ಗಿಡಗಂಟೆ ಕಿತ್ತು ಕಿಲೀನ್ ಮಾಡ್ತಿದ್ರಲ್ಲವ್ವ ಅವತ್ತು. ಜೇಸೀಬಿ ಬಂದಿತ್ತು. ದೂಳು ಮನೇ ಒಳೀಕೆಲ್ಲ ಬಂದಿತ್ತು, ನಾನು ಬೈದಿದ್ದೆ ಅವ್ರನ್ನ" ಎಂದರು.

ಆ ಸೈಟಿನಲ್ಲಿ ಈಗ ಮನೆ ಎದ್ದಿತ್ತು. ಆದರೆ ಅದರ ಆಚೆಗಿನದು ಖಾಲಿ, ಎದುರಿನ ಸಾಲಿನಲ್ಲಿ ಇನ್ನೂ ಕೆಲವು ಖಾಲಿ. ಎಲ್ಲದರಲ್ಲೂ ಸೊಂಟದೆತ್ತರಕ್ಕೆ ಕಾಂಗ್ರೆಸ್ ಗಿಡ, ಅದೇ ಪಾರ್ಥೇನಿಯಂ ಕಳೆ, ತುದಿಯಲ್ಲಿ ಬಿಳಿ ಹೂವು. ಅದರ ಪರಾಗ ಹಲವರಿಗೆ ಆಗುವುದಿಲ್ಲ. ಬೆಂಗಳೂರಲ್ಲಿ ಅದನ್ನು ನೋಡದವರಿಲ್ಲ. ನೋಡಿ ನೋಡಿ ಕಣ್ಣಿಗೆ ಬೀಳುವುದೇ ಇಲ್ಲ.

ಕಚೇರಿಗೆ ಹಿಂದಿರುಗಿ ಫಿರೋಜ್ ಖಾಲಿ ಸೈಟುಗಳಿಗೆಂದೇ ಒಂದು ಪದರ ಮಾಡಿದ. ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳಲ್ಲಿ ಆ ಸೈಟುಗಳು ಮಾತ್ರ ಯಾವಾಗ ಹಸಿರಾಗುತ್ತವೆ ಎಂದು ನೋಡಿದೆವು. ಮೊದಲ ಮಳೆ ಬೀಳುತ್ತಲೇ ಏರುತ್ತಿತ್ತು, ಗಣೇಶನ ಹಬ್ಬದ ಹೊತ್ತಿಗೆ ತುಂಬಿರುತ್ತಿತ್ತು, ಮಳೆ ನಿಂತ ಮೇಲೆ ಇಳಿಯುತ್ತಿತ್ತು. ಪದ್ಮಾ ಹಬ್ಬಗಳ ಮೇಲೆ ಹೇಳಿದ್ದೆಲ್ಲ ಆ ಏರಿನ ಮೇಲೇ ಬಂದು ಕೂತಿತು. ಹೊಂಗೆಯ ಪದರ ಹಾಕಿದರೆ ಅದು ಒಂದು ಕಡೆ, ಮಗುವಿನ ಕಷ್ಟ ಇನ್ನೊಂದು ಕಡೆ.

ಹೊಸಬರಿಗೆ ಇಲ್ಲೊಂದು ಮಾತು ಹೇಳಬೇಕು. ಹೀಗೆ ಎರಡು ಪದರ ಒಂದರ ಮೇಲೊಂದು ಸರಿಯಾಗಿ ಕೂತಾಗ ಗೆದ್ದುಬಿಟ್ಟೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಎರಡು ಸಂಗತಿ ಒಂದೇ ಕಾಲಕ್ಕೆ ಆದವು ಎಂದಷ್ಟೇ ನಕ್ಷೆ ಹೇಳುತ್ತದೆ. ಆ ಮನೆಯವರೂ ಹೂವು ಮತ್ತು ಉಬ್ಬಸ ಒಂದೇ ದಿನ ಬಂದದ್ದನ್ನು ನೋಡಿಯೇ ಮರದ ಮೇಲೆ ತಪ್ಪು ಹೊರಿಸಿದ್ದರು. ನಾನು ಅದನ್ನೇ ಕಾಂಗ್ರೆಸ್ ಗಿಡದ ಮೇಲೆ ಮಾಡಿದರೆ ಅವರಿಗೂ ನನಗೂ ಏನು ವ್ಯತ್ಯಾಸ? ಹಾಗಾಗಿ ಪದ್ಮಾ ಅವರಿಗೆ ಫೋನ್ ಮಾಡಿ, "ಸೈಟುಗಳಲ್ಲಿರೋ ಕಾಂಗ್ರೆಸ್ ಗಿಡದ ಮೇಲೆ ಅನುಮಾನ. ಆದ್ರೆ ನಾನು ಇದೇ ಅಂತ ಹೇಳಲ್ಲ. ಅಲರ್ಜಿ ನೋಡೋ ಡಾಕ್ಟರ ಹತ್ರ ಹೋಗಿ, ಅದು, ಹೊಂಗೆ ಎರಡನ್ನೂ ಪರೀಕ್ಷೆ ಮಾಡಿಸಿ. ಅಲ್ಲಿವರೆಗೂ ಮರ ಮುಟ್ಟಬೇಡಿ ಅಂತ ನಿಮ್ಮನೆಯವ್ರಿಗೆ ಹೇಳಿ" ಎಂದೆ.

ಅರ್ಜಿಯ ವಿಚಾರಣೆಗೆ ವಸಂತಾ ಮೇಡಂ ನನ್ನನ್ನೇ ಕಳಿಸಿದರು. ಸಣ್ಣ ಕೋಣೆ, ಮರ ಅಧಿಕಾರಿ, ಸಂಘದ ನಾಲ್ಕಾರು ಜನ, ಒಂದು ಪಕ್ಕದಲ್ಲಿ ಪದ್ಮಾ ಮತ್ತು ಅವರ ಗಂಡ ಮಂಜುನಾಥ್. ನಮ್ಮ ನಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ವಿವರಿಸಿದೆ. ಮಾಕಳಿಯ ಮಾತು ಬಂದಾಗ ಮಂಜುನಾಥ್ ತಲೆ ಎತ್ತಿ ಹೆಂಡತಿಯನ್ನು ನೋಡಿದರು. ಅಧ್ಯಕ್ಷರು, "ಮೇಡಂ, ಕೊನೆಗೆ ಮಗು ಮುಖ್ಯನಾ, ಮರ ಮುಖ್ಯನಾ?" ಎಂದರು.

"ಮಗು ಸರ್. ಅದಕ್ಕೇ ಹೇಳ್ತಿರೋದು. ಮರ ಕಡಿದು, ಆಮೇಲೂ ಮಗುಗೆ ಉಸಿರು ಕಟ್ಟಿದ್ರೆ ಏನ್ ಮಾಡ್ತೀರಿ?"

ಅಲರ್ಜಿ ಪರೀಕ್ಷೆಯ ಫಲಿತಾಂಶ ಬರುವವರೆಗೆ ಅರ್ಜಿಯನ್ನು ಮುಂದಕ್ಕೆ ಹಾಕುತ್ತೇನೆ ಎಂದು ಅಧಿಕಾರಿ ಹೇಳಿದರು.

ಆ ಪರೀಕ್ಷೆಯಲ್ಲಿ ಮುಂಗೈ ಮೇಲೆ ಒಂದೊಂದು ವಸ್ತುವಿನ ಹನಿ ಇಟ್ಟು ಸಣ್ಣಗೆ ಚುಚ್ಚುತ್ತಾರೆ. ಯಾವುದು ಮೈಗೆ ಆಗುವುದಿಲ್ಲವೋ ಅದರ ಹನಿ ಇಟ್ಟಲ್ಲಿ ಊದಿಕೊಳ್ಳುತ್ತದೆ. ಫಲಿತಾಂಶ ತಿಳಿದ ದಿನ ಪದ್ಮಾ ಆಸ್ಪತ್ರೆಯ ಮೆಟ್ಟಿಲಿನಿಂದಲೇ ಫೋನ್ ಮಾಡಿದರು. "ಕಾಂಗ್ರೆಸ್ ಗಿಡ ಮೇಡಂ. ಅಲ್ಲಿ ಮಾತ್ರ ಇಷ್ಟ್ ದಪ್ಪ ಊದ್ಕೊಂಡಿದೆ. ಸ್ವಲ್ಪ ಧೂಳಿಗೂ ಇದೆಯಂತೆ. ಹೊಂಗೆದ್ರ ಹತ್ರ ಏನೂ ಇಲ್ಲ" ಎಂದರು.

ಅರ್ಜಿ ವಾಪಸ್ಸಾಯಿತು. ಅಧ್ಯಕ್ಷರೇ ಮುಂದೆ ನಿಂತು, ಸೈಟಿನ ಮಾಲೀಕರಿಗೆಲ್ಲ ಫೋನ್ ಮಾಡಿ, ಹೂವು ಬರುವ ಮೊದಲೇ ಗಿಡ ಕೀಳಿಸುವ ಏರ್ಪಾಡು ಮಾಡಿದರು. ಯಾವ ಸೈಟಿನಲ್ಲಿ ಮೊದಲು ಏಳುತ್ತದೆ ಎಂದು ನಾವು ನಕ್ಷೆ ನೋಡಿ ಹೇಳುತ್ತಿದ್ದೆವು. ಆಳುಗಳು ಮುಖಕ್ಕೆ ಬಟ್ಟೆ, ಕೈಗೆ ಗವಸು ಹಾಕಿಕೊಂಡು ಕೀಳುತ್ತಿದ್ದರು. ಅಂಥ ದಿನ ಭೂಮಿಕಾ ಮನೆಯಲ್ಲಿರುತ್ತಿರಲಿಲ್ಲ. ಡಾಕ್ಟರು ಕೊಟ್ಟ ಔಷಧಿಯೂ ಹಿಡಿಯಿತು. ಆ ವರ್ಷ ಗಣೇಶನ ಹಬ್ಬದಲ್ಲಿ ಮಗು ಪೆಂಡಾಲಿನಲ್ಲಿ ಕುಣಿಯುತ್ತಿರುವ ವಿಡಿಯೊ ನನ್ನ ಫೋನಿಗೆ ಬಂತು. ಫಿರೋಜ್‌ಗೆ ತೋರಿಸಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ.

ಆದರೆ ಹೆದರಿಕೆ ಬೇಗ ಹೋಗುವುದಿಲ್ಲ. ಮುಂದಿನ ಶಿವರಾತ್ರಿ ಆದ ಮೇಲೆ ಪದ್ಮಾ ಅವರ ಫೋನ್ ಮತ್ತೆ ಬಂತು. "ಯಾವ ವಾರ ಮೇಡಂ?" ಎಂದು ಅದೇ ಪ್ರಶ್ನೆ. ನಾನು ನಕ್ಷೆ ತೆರೆಯುವಷ್ಟರಲ್ಲಿ ಅವರೇ, "ಗೊತ್ತು ಮೇಡಂ, ಹೊಂಗೆ ಅಲ್ಲ ಅಂತ ಗೊತ್ತು. ಆದ್ರೂ ಆ ಹೂವು ನೋಡಿದ್ರೆ ನಂಗೆ ಅವ್ಳ ನೀಲಿ ತುಟಿನೇ ಕಾಣುತ್ತೆ" ಎಂದರು. ವಾರ ಹೇಳಿದೆ.

ಯುಗಾದಿಯ ಹಿಂದಿನ ಭಾನುವಾರ ಮತ್ತೆ ಫೋನ್. "ಮೇಡಂ, ಇವ್ಳು ಮಾಕಳಿಗೆ ಹೋಗಲ್ಲ ಅಂತ ಕೂತಿದ್ದಾಳೆ. ಮರದ ಕೆಳಗೇ ಕೂರ್ತೀನಿ ಅಂತಾಳೆ. ಡಾಕ್ಟ್ರು ಏನೂ ಆಗಲ್ಲ, ಕೂರ್ಲಿ ಅಂದ್ರು. ನೀವೂ ಸ್ವಲ್ಪ ಬರ್ತೀರಾ? ನೀವಿದ್ರೆ ನಂಗೆ ಧೈರ್ಯ." ಅದು ನನ್ನ ನೌಕರಿಯ ಕೊನೆಯ ವರ್ಷ. ಆಟೊ ಹಿಡಿದು ಹೋದೆ.

ಹೊಂಗೆ ಪೂರ್ತಿ ಅರಳಿತ್ತು. ಜೇನಿನ ಸದ್ದು ಗೇಟಿನವರೆಗೂ ಕೇಳುತ್ತಿತ್ತು. ಕಟ್ಟೆಯ ಮೇಲೆ ಬಿಳಿ-ನಸುನೇರಳೆ ಹೂವು ಉದುರಿ ಹಾಸಿಕೊಂಡಿತ್ತು. ಪದ್ಮಾ ಇನ್‌ಹೇಲರ್ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದರು. ಮಂಜುನಾಥ್ ಗೇಟು ತೆಗೆದು ಕಾರನ್ನು ಬೀದಿಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು, ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಎಂದು. ಮುನಿಯಮ್ಮ ಮಾತ್ರ ಒಳಗಿದ್ದರು. ಹೊರಗೆ ಬಂದು ನೋಡಲು ಅವರಿಗೆ ಆಗಲಿಲ್ಲವಂತೆ.

ಭೂಮಿಕಾ ಹೋಗಿ ಕಟ್ಟೆಯ ಮೇಲೆ ಕೂತಳು. ಎರಡು ಜಡೆ, ಹಬ್ಬಕ್ಕೆ ತಂದ ಹೊಸ ಲಂಗ. ಮೊದಲು ಗಂಭೀರವಾಗಿ, ಫೋಟೊ ತೆಗೆಸಿಕೊಳ್ಳುವವರ ಹಾಗೆ ಕೂತಿದ್ದಳು. ಹೂವು ಅವಳ ತಲೆ ಮೇಲೆ, ಮಡಿಲಲ್ಲಿ ಬೀಳುತ್ತಿತ್ತು. ನಾವು ಮೂವರೂ ಉಸಿರು ಬಿಗಿಹಿಡಿದು ಅವಳ ಉಸಿರನ್ನೇ ನೋಡುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಬೇಜಾರಾಗಿ, ಹೂವನ್ನು ಎರಡೂ ಕೈಯಲ್ಲಿ ಬಾಚಿ ಗುಡ್ಡೆ ಮಾಡಲು ಶುರುಮಾಡಿದಳು. ಗುಡ್ಡೆ ಎತ್ತರವಾಗುತ್ತಾ ಹೋಯಿತು.

ಒಳಗಿನಿಂದ ಮುನಿಯಮ್ಮನ ದನಿ ಬಂತು. "ಪದ್ಮಾ, ಎಂಗೈತೆ ಮಗ?"

ಪದ್ಮಾ ಉತ್ತರ ಕೊಡುವ ಮೊದಲೇ ಭೂಮಿಕಾ, "ನೀನೇ ಬಂದು ನೋಡು ಅಜ್ಜಿ" ಎಂದು ಕೂಗಿದಳು.

ಮುನಿಯಮ್ಮ ಬಾಗಿಲು ಹಿಡಿದುಕೊಂಡು ಹೊರಗೆ ಬಂದರು. ಒಬ್ಬರನ್ನೂ ನೋಡದೆ ನೇರವಾಗಿ ಕಟ್ಟೆಯ ಹತ್ತಿರ ಹೋದರು. ಮೊಮ್ಮಗಳ ಹಿಂದೆ ಕೂತು, ಜಡೆಗಳನ್ನು ಸರಿಸಿ, ಅವಳ ಬೆನ್ನಿಗೆ ಕಿವಿ ಹಚ್ಚಿದರು. ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಮೊದಲು ಬಲಗಡೆ, ಆಮೇಲೆ ಎಡಗಡೆ. ಹೂವು ಅವರ ನೆರೆತ ಕೂದಲಿನ ಮೇಲೂ ಬೀಳುತ್ತಿತ್ತು. ಪದ್ಮಾ ಇನ್‌ಹೇಲರ್ ಹಿಡಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಅಜ್ಜಿ, ಸಾಕು. ಕಚಗುಳಿ ಆಗುತ್ತೆ" ಎಂದಳು ಭೂಮಿಕಾ.

"ಇರು ಮಗಾ" ಎಂದರು ಮುನಿಯಮ್ಮ, ಕಿವಿ ತೆಗೆಯದೆ. "ಚೆನ್ನಾಗ್ ಕೇಳ್ತೈತೆ. ಇನ್ನೊಸಿ ಒತ್ತು ಇರು."